ಫೈನಾನ್ಸ್ ಇಂಟರ್ನ್‌ಶಿಪ್‌ಗೆ ಅಣಿಗೊಳಿಸುವ ಒಂದು ಆನ್‌ಲೈನ್ ಸೇವೆ: ಬಳಸಿ ನೋಡಿದ ಅನುಭವ

ಪದವಿಯ ಎರಡನೆಯ ವರ್ಷದಲ್ಲಿದ್ದಾಗ, ಫೈನಾನ್ಸ್ ಇಂಟರ್ನ್‌ಶಿಪ್ ಹುಡುಕುವ ವಿದ್ಯಾರ್ಥಿಗಳಿಗೆ ನೆರವಾಗುವುದಾಗಿ ಹೇಳಿಕೊಳ್ಳುವ ಆನ್‌ಲೈನ್ ಸೇವೆಯೊಂದಕ್ಕೆ ಹಣ ಕಟ್ಟಿ ಸೇರಿದೆ. ರೆಕಾರ್ಡ್ ಮಾಡಿದ ಪಾಠಗಳು, ರೆಸ್ಯೂಮೆ ತಿದ್ದುಪಡಿ, ಅಣಕು ಸಂದರ್ಶನ, ಸಂಸ್ಥೆಗಳ ಸಂಪರ್ಕ ಪಟ್ಟಿ ಇಷ್ಟೂ ಒಂದೇ ಶುಲ್ಕದಲ್ಲಿ ಸಿಗುತ್ತವೆ. ಇದೇ ಅಚ್ಚಿನ ಸೇವೆಗಳು ಹಲವಾರು ಇರುವುದರಿಂದ ಹೆಸರು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಪಾಠಗಳು ತಪ್ಪಿಲ್ಲದೆ ಇವೆ, ಆದರೆ ಹಣ ಕೊಟ್ಟು ನೋಡುವಂಥವಲ್ಲ. ಕಂಪನಿಯ ಮೌಲ್ಯಮಾಪನ ಕಲಿಯಬೇಕೆಂದರೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಶ್ವತ್ಥ್ ದಾಮೋದರನ್ ಅವರ ಉಪನ್ಯಾಸಗಳೂ ದತ್ತಾಂಶಗಳೂ ಅವರ ಜಾಲತಾಣದಲ್ಲೇ ಉಚಿತವಾಗಿ ದೊರೆಯುತ್ತವೆ.

ಕೊಟ್ಟ ಹಣ ಸಾರ್ಥಕವೆನಿಸಿದ್ದು ಅಣಕು ಸಂದರ್ಶನದಲ್ಲಿ. ಸವಕಳಿ (ಯಂತ್ರ, ಕಟ್ಟಡದಂಥ ಆಸ್ತಿಗಳ ಸವೆತವನ್ನು ಲೆಕ್ಕದಲ್ಲಿ ಖರ್ಚೆಂದು ತೋರಿಸುವ ಮೊತ್ತ) 100ರಷ್ಟು ಹೆಚ್ಚಿದರೆ ಲಾಭ-ನಷ್ಟ, ನಗದು ಹರಿವು, ಬ್ಯಾಲೆನ್ಸ್ ಶೀಟ್ ಎಂಬ ಮೂರು ಹಣಕಾಸು ತಃಖ್ತೆಗಳಲ್ಲಿ ಏನೇನು ಬದಲಾಗುತ್ತದೆ ಎಂಬುದು ಮೊದಲ ಪ್ರಶ್ನೆ. ಸವಕಳಿಯಲ್ಲಿ ನಗದು ಕೈಬಿಟ್ಟು ಹೋಗುವುದಿಲ್ಲವಾದ್ದರಿಂದ ನಗದಿನ ಮೊತ್ತ ಬದಲಾಗದು ಎಂದು ನಾನು ಧೈರ್ಯವಾಗಿಯೇ ಹೇಳಿದೆ. "ಹಾಗಾದರೆ ತೆರಿಗೆ ಎಲ್ಲಿ ಹೋಯಿತು?" ಎಂದು ಕೇಳಿ ಸಂದರ್ಶಕರು ಸುಮ್ಮನೆ ಕಾದರು. ತೆರಿಗೆ ದರ ಶೇ. 25 ಎಂದಿಟ್ಟುಕೊಂಡರೆ, ತೆರಿಗೆಗೆ ಮುಂಚಿನ ಲಾಭ 100 ಇಳಿದು ತೆರಿಗೆಯೂ 25 ಇಳಿಯುವುದರಿಂದ ನಿವ್ವಳ ಲಾಭ 75 ಕುಗ್ಗುತ್ತದೆ. ನಗದು ಹರಿವಿನ ತಃಖ್ತೆಯಲ್ಲಿ ಆ 75ರ ಇಳಿಕೆಗೆ ಸವಕಳಿಯ 100 ಮರಳಿ ಕೂಡುವುದರಿಂದ ನಗದು 25 ಏರುತ್ತದೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಸ್ಥಿರಾಸ್ತಿ 100 ಇಳಿದು ನಗದು 25 ಏರಿ, ಒಟ್ಟು ಆಸ್ತಿಯಲ್ಲಿ ಆದ 75ರ ಇಳಿಕೆ ಎದುರು ಬದಿಯ ಉಳಿಕೆ ಗಳಿಕೆಯ (ಕಂಪನಿಯಲ್ಲೇ ಉಳಿದ ಲಾಭದ) 75ರ ಇಳಿಕೆಗೆ ಸರಿಹೊಂದುತ್ತದೆ. ಪಾಠದಲ್ಲಿ ಇದನ್ನು ಎರಡು ಸಲ ನೋಡಿದ್ದೆ, ಆದರೂ ಮತ್ತೊಬ್ಬರ ಎದುರು ಬಾಯಿಬಿಟ್ಟು ಹೇಳುವಾಗಲೇ ನನಗೆ ಎಷ್ಟು ಅರ್ಥವಾಗಿಲ್ಲವೆಂಬುದು ಬಯಲಾಯಿತು.

ರೆಸ್ಯೂಮೆಯನ್ನು ಒಂದೇ ಪುಟಕ್ಕೆ ಇಳಿಸಿಕೊಟ್ಟರು. ಜೊತೆಗೆ ನಾನೆಂದೂ ಬಳಸದ ಸಾಫ್ಟ್‌ವೇರ್‌ಗಳ ಹೆಸರನ್ನೂ ಸೇರಿಸಿದ್ದರು. ಅದನ್ನು ತೆಗೆಸಲು ಮೂರು ಬಾರಿ ಬರೆಯಬೇಕಾಯಿತು.

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸಂಪರ್ಕ ಪಟ್ಟಿಯಂತೂ ನಿರಾಸೆಯೇ ಸರಿ. ಅದರಲ್ಲಿದ್ದವು ಬಹುಪಾಲು ಸಂಸ್ಥೆಗಳ ಸಾಮಾನ್ಯ ವಿಚಾರಣೆಯ ಇ-ಮೇಲ್ ವಿಳಾಸಗಳು. ನಲವತ್ತು ಪತ್ರ ಕಳುಹಿಸಿದ್ದಕ್ಕೆ ಎರಡು ಉತ್ತರ ಬಂದವು, ಎರಡೂ ಯಂತ್ರ ಕಳುಹಿಸಿದವು. ಅದೂ ಅಲ್ಲದೆ, ದೊಡ್ಡ ಹೂಡಿಕೆ ಬ್ಯಾಂಕುಗಳು ಇಂಟರ್ನ್‌ಶಿಪ್ ಆರಂಭಕ್ಕೆ ಎಷ್ಟೋ ತಿಂಗಳ ಮೊದಲೇ ಅರ್ಜಿ ಸ್ವೀಕರಿಸಿ ಮುಗಿಸಿರುತ್ತವೆ ಎಂಬ ಮುಖ್ಯ ಸಂಗತಿಯನ್ನು ಸೇರುವಾಗ ಯಾರೂ ತಿಳಿಸಲಿಲ್ಲ.

ನನಗೆ ಇಂಟರ್ನ್‌ಶಿಪ್ ಸಿಕ್ಕಿದ್ದು ನಮ್ಮದೇ ವಿಭಾಗದ ಹಳೆಯ ವಿದ್ಯಾರ್ಥಿನಿಯೊಬ್ಬರ ಮೂಲಕ. ಕಂಪನಿಯೊಂದರ ವಾರ್ಷಿಕ ವರದಿ ಓದಿ, ಮಾರಾಟಕ್ಕಿಂತ ವೇಗವಾಗಿ ಗ್ರಾಹಕರಿಂದ ಬರಬೇಕಾದ ಬಾಕಿ ಮೊತ್ತ ಬೆಳೆಯುತ್ತಿರುವುದೇಕೆ ಎಂದು ಎರಡು ಪುಟದ ಟಿಪ್ಪಣಿ ಬರೆದು, ಐದು ವಾಕ್ಯಗಳ ಪತ್ರದೊಂದಿಗೆ ಅವರಿಗೆ ಕಳುಹಿಸಿದ್ದೆ. ಅವರ ಸಣ್ಣ ಸಂಸ್ಥೆಯ ಸಂದರ್ಶನದಲ್ಲೂ ಸವಕಳಿಯ ಪ್ರಶ್ನೆ ಬಂತು. ಈ ಸಲ ತೆರಿಗೆ ಮರೆಯಲಿಲ್ಲ.

ಆದ್ದರಿಂದ ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಅಣಕು ಸಂದರ್ಶನದ್ದೇ. ಅದೊಂದನ್ನೇ ಬಿಡಿಯಾಗಿ ಕೊಳ್ಳಬಹುದೇ ಎಂದು ಕೇಳಿ ಬರೆದೆ. ಪೂರ್ತಿ ಪ್ಯಾಕೇಜ್ ಮಾತ್ರ ಲಭ್ಯ ಎಂಬ ಉತ್ತರ ಮರುದಿನವೇ ಬಂತು.