ಸೆಲೆರಿ ಗಡ್ಡೆಯೋ, ಆಲೂಗಡ್ಡೆಯೋ?

ಕ್ಯಾಲರಿ ಇಳಿಸಬೇಕಿದ್ದರೆ ಸೆಲೆರಿ ಗಡ್ಡೆ (ಸೆಲೆರಿಯಾಕ್, ಗಡ್ಡೆಗಾಗಿಯೇ ಬೆಳೆಸುವ ಸೆಲೆರಿ), ಮೈಮುರಿದು ದುಡಿಯುವವರಿಗೆ ಆಲೂಗಡ್ಡೆ. 100 ಗ್ರಾಂ ಹಸಿ ಸೆಲೆರಿ ಗಡ್ಡೆಯಲ್ಲಿ ಸುಮಾರು 42 ಕ್ಯಾಲರಿ, 9 ಗ್ರಾಂ ಕಾರ್ಬೋಹೈಡ್ರೇಟ್. ಆಲೂಗಡ್ಡೆಯಲ್ಲಿ 77 ಮತ್ತು 17. ನಾರಿನಂಶ ಎರಡರಲ್ಲೂ 2 ಗ್ರಾಂ ಆಸುಪಾಸು, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ದೊಡ್ಡ ಅಂತರವಿರುವುದು ವಿಟಮಿನ್ ಕೆಯಲ್ಲಿ: ಸೆಲೆರಿ ಗಡ್ಡೆಯಲ್ಲಿ 41 ಮೈಕ್ರೋಗ್ರಾಂ, ಆಲೂಗಡ್ಡೆಯಲ್ಲಿ ಬರೀ 2. ಒಳ್ಳೆಯದೇ, ಆದರೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನುಂಗುವವರು ಸೆಲೆರಿ ಗಡ್ಡೆಯನ್ನು ಒಮ್ಮೆಲೇ ಹೆಚ್ಚು ತಿನ್ನತೊಡಗಿದರೆ ಮಾತ್ರೆಯ ಪರಿಣಾಮ ತಗ್ಗುತ್ತದೆ. ಮೊದಲು ವೈದ್ಯರಿಗೆ ತಿಳಿಸಿ. ವಿಟಮಿನ್ ಸಿಯಲ್ಲಿ ಆಲೂಗಡ್ಡೆಯೇ ಮುಂದು: 20 ಮಿಲಿಗ್ರಾಂ, ಸೆಲೆರಿ ಗಡ್ಡೆಯಲ್ಲಿ 8. ಪೊಟ್ಯಾಸಿಯಂ ಕೂಡ ಆಲೂಗಡ್ಡೆಯಲ್ಲೇ ಜಾಸ್ತಿ. ಸೆಲೆರಿ ಗಡ್ಡೆಯಲ್ಲಿ ಸಹಜವಾಗಿಯೇ 100 ಮಿಲಿಗ್ರಾಂ ಸೋಡಿಯಂ ಇದೆ, ರುಚಿ ನೋಡದೆ ಉಪ್ಪು ಹಾಕಬೇಡಿ. ರಂಜಕವೂ (ಫಾಸ್ಫರಸ್) ಆಲೂಗಡ್ಡೆಯಲ್ಲಿರುವುದರ ಸುಮಾರು ಎರಡರಷ್ಟು. ಮೂತ್ರಪಿಂಡದ ತೊಂದರೆ ಇರುವವರು ಗಮನಿಸಬೇಕು.

ಸೆಲೆರಿ ಅಲರ್ಜಿ ಇದ್ದರೆ ಯೋಚನೆಯೇ ಬೇಡ. ಬೇಯಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲ.

ಸೆಲೆರಿ ಗಡ್ಡೆ ಕೊಳ್ಳುವಾಗ ಕೈಗೆ ಭಾರವೆನಿಸುವ ಮಧ್ಯಮ ಗಾತ್ರದ್ದನ್ನೇ ಆರಿಸಿ. ತೀರಾ ದೊಡ್ಡವು ಒಳಗೆ ಬೆಂಡಾಗಿರಬಹುದು. ಬುಡದ ಬೇರುಗಳ ಸಂದಿಯಲ್ಲಿ ಮಣ್ಣು ಕೂತಿರುವುದರಿಂದ ಪೀಲರ್ ಸಾಲದು, ಚಾಕುವಿನಿಂದ ದಪ್ಪಗೆ ಕೆತ್ತಿ. ಕಾಲು ಭಾಗ ಸಿಪ್ಪೆಗೇ ಹೋಗುತ್ತದೆ. ಹೆಚ್ಚಿದ ಕೂಡಲೇ ನಿಂಬೆರಸ ಬೆರೆಸಿದ ನೀರಿಗೆ ಹಾಕದಿದ್ದರೆ ಕಂದಾಗುತ್ತದೆ. ಪಿಷ್ಟ ಕಡಿಮೆಯಾದ್ದರಿಂದ ಬೇಯಿಸಿ ಹಿಸುಕಿದರೆ ನೀರುನೀರಾಗುತ್ತದೆ: ಬಸಿದು, ಸಣ್ಣ ಉರಿಯಲ್ಲಿ 2–3 ನಿಮಿಷ ಇಟ್ಟು ನೀರಿನಂಶ ಆರಲು ಬಿಡಿ, ಇಲ್ಲವೇ ಅರ್ಧದಷ್ಟು ಆಲೂಗಡ್ಡೆ ಸೇರಿಸಿ.