ರಿಯಲ್‌-ಟೈಮ್ ಸಿಗ್ನಲ್ ಹಂಚಿಕೆ: ಲೈಬ್ರರಿಗೆ ಬಿಡೋದಾ, ನಾವೇ ಪಟ್ಟಿ ಇಡೋದಾ?

ರಿಯಲ್‌-ಟೈಮ್ ಸಿಗ್ನಲ್ ಅಂದರೆ ಒಂದು ಪ್ರೊಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಕಳಿಸುವ, ನಂಬರ್ ಇರುವ ಸೂಚನೆ; ಯಾವ ನಂಬರ್ ಯಾವ ಕೆಲಸಕ್ಕೆ ಅನ್ನೋದು ನಮಗೇ ಬಿಟ್ಟದ್ದು. ಹಂಚೋದರಲ್ಲಿ ನನ್ನ ಓಟು ಪಟ್ಟಿಗೆ. ಒಂದು ಹೆಡರ್ ಫೈಲು, ಅದರಲ್ಲಿ ಯಾವ ಕೆಲಸಕ್ಕೆ ಸಿಗ್‌ಆರ್‌ಟಿಮಿನ್‌ (SIGRTMIN, ನಾವು ಬಳಸಬಹುದಾದ ಮೊದಲ ನಂಬರ್) ಪ್ಲಸ್ ಎಷ್ಟು ಅನ್ನುವ ಸಾಲುಗಳು, ಅಷ್ಟೇ. ಜಿಲಿಬ್‌ಸಿ (ಲಿನಕ್ಸ್‌ನಲ್ಲಿ ಹೆಚ್ಚು ಬಳಸುವ ಸಿ ಲೈಬ್ರರಿ) ಒಳಗೇ ಇರುವ, ಖಾಲಿ ನಂಬರ್ ಹುಡುಕಿ ಕೊಡುವ ಅಲೊಕೇಟ್‌ ಆರ್‌ಟಿಸಿಗ್ ಫಂಕ್ಷನ್ನನ್ನೂ ಬಳಸಿ ನೋಡಿದ್ದೇನೆ. ಆ ಮೇಲೇ ಪಟ್ಟಿಯ ಬೆಲೆ ಗೊತ್ತಾಗಿದ್ದು.

ಲಿನಕ್ಸ್ ಕರ್ನಲ್‌ನಲ್ಲಿ ಈ ಸಿಗ್ನಲ್‌ಗಳು 32ರಿಂದ 64ರವರೆಗೆ ಇವೆ. ಮೊದಲ ಎರಡನ್ನು ಜಿಲಿಬ್‌ಸಿ ತನ್ನ ಥ್ರೆಡ್‌ಗಳಿಗೇ ಇಟ್ಟುಕೊಳ್ಳುತ್ತದೆ. ಹಾಗಾಗಿ ನಮಗೆ ಸಿಗ್‌ಆರ್‌ಟಿಮಿನ್ ಅಂದರೆ 34. ಮಸಲ್ ಅನ್ನೋ ಇನ್ನೊಂದು ಸಿ ಲೈಬ್ರರಿ ಮೂರು ಇಟ್ಟುಕೊಳ್ಳುತ್ತದೆ, ಅಲ್ಲಿ 35. ಅದಕ್ಕೇ ಬರೀ ನಂಬರ್ ಬರೆಯಲೇಬಾರದು.

ಅಲೊಕೇಟ್ ಫಂಕ್ಷನ್ ನೋಡೋಕೆ ಚೆಂದ. ಕೇಳಿದರೆ ಕೆಳಗಿನ ತುದಿಯಿಂದಲೋ ಮೇಲಿನ ತುದಿಯಿಂದಲೋ ಒಂದು ನಂಬರ್ ಕೊಡುತ್ತದೆ. ಮುಗಿದಿದ್ದರೆ ಮೈನಸ್ ಒಂದು. ತೊಂದರೆ ಏನಪ್ಪಾ ಅಂದರೆ, ಕೆಳಗಿನಿಂದ ಒಂದು ಕೊಟ್ಟ ಕೂಡಲೇ ಆ ಪ್ರೊಸೆಸ್‌ನ ಸಿಗ್‌ಆರ್‌ಟಿಮಿನ್ನೇ ಒಂದು ಮೇಲಕ್ಕೆ ಸರಿಯುತ್ತದೆ. ಅದು ಸ್ಥಿರ ಸಂಖ್ಯೆ ಅಲ್ಲ, ಮ್ಯಾಕ್ರೊದ ಹಿಂದೆ ಒಂದು ಫಂಕ್ಷನ್ ಕಾಲ್ ಇದೆ.

ನಮ್ಮ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಕಾನ್ಫಿಗ್ ಮತ್ತೆ ಓದು ಅಂತ ಹೇಳೋಕೆ ಸಿಗ್‌ಆರ್‌ಟಿಮಿನ್ ಪ್ಲಸ್ 1 ಇಟ್ಟಿದ್ದೆವು. ಹೊಸದಾಗಿ ಸೇರಿಸಿದ ಬೇರೆಯವರ ಲೈಬ್ರರಿಯೊಂದು ಶುರುವಾಗುವಾಗಲೇ ಹೀಗೆ ಒಂದು ನಂಬರ್ ತೆಗೆದುಕೊಂಡಿತು. ಆಮೇಲೆ ನಮ್ಮ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಕೂತಿದ್ದು 36ರ ಮೇಲೆ. ಹೊರಗಿನ ಶೆಲ್ ಸ್ಕ್ರಿಪ್ಟ್‌ಗೆ ಇದೆಲ್ಲ ಗೊತ್ತಿಲ್ಲ ಅಲ್ವಾ? ಅದು ಆರ್‌ಟಿಮಿನ್ ಪ್ಲಸ್ 1 ಅಂತ 35 ಕಳಿಸಿತು. 35ಕ್ಕೆ ಹ್ಯಾಂಡ್ಲರ್ ಇಲ್ಲ. ಹ್ಯಾಂಡ್ಲರ್ ಇಲ್ಲದ ರಿಯಲ್‌-ಟೈಮ್ ಸಿಗ್ನಲ್ ಬಂದರೆ ಪ್ರೊಸೆಸ್ ಸಾಯುತ್ತದೆ. ಕಾನ್ಫಿಗ್ ಓದಬೇಕಿದ್ದ ಡೀಮನ್ ಸುಮ್ನೆ ಬಿದ್ದುಹೋಯಿತು, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಲೈಬ್ರರಿ ಶುರುವಾಗುವ ಮುಂಚೆ ಒಮ್ಮೆ, ನಂತರ ಒಮ್ಮೆ ಸಿಗ್‌ಆರ್‌ಟಿಮಿನ್ ಪ್ರಿಂಟ್ ಮಾಡಿಸಿದಾಗ ಬಂದದ್ದು 34, ಆಮೇಲೆ 35. ಕೋಡ್ ಎಷ್ಟು ಓದಿದರೂ ಇದು ಕಾಣಲ್ಲ. ಎರಡೂ ಕಡೆ ಬರೆದಿರೋದು ಒಂದೇ, ಅರ್ಥ ಮಾತ್ರ ಬೇರೆ.

ಇನ್ನೂ ಇದೆ. ತೆಗೆದುಕೊಂಡ ನಂಬರನ್ನು ವಾಪಸ್ ಕೊಡುವ ದಾರಿ ಇಲ್ಲ. ಒಳಗೆ ಲಾಕ್ ಕೂಡ ಇಲ್ಲ, ಎರಡು ಥ್ರೆಡ್ ಒಟ್ಟಿಗೆ ಕೇಳಿದರೆ ಒಂದೇ ನಂಬರ್ ಸಿಗಬಹುದು. ಪೋಸಿಕ್ಸ್‌ನಲ್ಲಿ (ಯುನಿಕ್ಸ್ ಥರದ ಸಿಸ್ಟಂಗಳ ಸ್ಟ್ಯಾಂಡರ್ಡ್) ಇದರ ಹೆಸರೇ ಇಲ್ಲ.

ಪಟ್ಟಿಗೂ ಒಂದು ಕೊರತೆ ಇದೆ: ಬೇರೆಯವರ ಲೈಬ್ರರಿ ನಮ್ಮ ಪಟ್ಟಿ ಓದಲ್ಲ. ಹಾಗಾಗಿ ಅದನ್ನು ಶುರು ಮಾಡುವ ಮುಂಚೆಯೇ ನಮ್ಮ ಹ್ಯಾಂಡ್ಲರ್‌ಗಳನ್ನೆಲ್ಲ ಕೂರಿಸುತ್ತೇನೆ. ಕೂರಿಸುವಾಗ ಹಳೆಯ ಹ್ಯಾಂಡ್ಲರ್ ಏನಿತ್ತು ಅಂತ ಕೂರಿಸುವ ಫಂಕ್ಷನ್ನಾದ ಸಿಗ್‌ಆಕ್ಷನ್ ಹೇಳುತ್ತದೆ. ಡೀಫಾಲ್ಟ್ ಅಲ್ಲದಿದ್ದರೆ ಅಲ್ಲೇ ನಿಲ್ಲಿಸಿ ದೊಡ್ಡದಾಗಿ ಎರರ್ ಹಾಕುತ್ತೇನೆ. ಶುರು ಆದಮೇಲೆ ಸಿಗ್‌ಆರ್‌ಟಿಮಿನ್ ಸರಿದಿದೆಯಾ ಅಂತಲೂ ಒಂದು ಚೆಕ್.

ಬರೀ ಟೈಮರ್ ಬೇಕಿದ್ದರೆ ಟೈಮರ್‌ಎಫ್‌ಡಿ ಸಾಕು. ಟೈಮರನ್ನು ಫೈಲಿನ ಥರ ಓದಲು ಕೊಡುತ್ತದೆ, ಲಿನಕ್ಸ್ 2.6.25ರಿಂದ ಇದೆ, ಸಿಗ್ನಲ್ ನಂಬರೇ ಬೇಡ.

ನಾನು ಬರೆಯೋದು ಜಾಸ್ತಿ ಸ್ಕ್ರಿಪ್ಟ್‌ನಿಂದ ಸಿಗ್ನಲ್ ಪಡೆಯುವ ಡೀಮನ್‌ಗಳನ್ನು. ಕಳಿಸುವವರಿಗೂ ಪಡೆಯುವವರಿಗೂ ನಂಬರ್ ಮೊದಲೇ ಗೊತ್ತಿರಬೇಕು, ಹಾಗಾಗಿ ನನಗೆ ಪಟ್ಟಿಯೇ ಸರಿ. ಸಿಗ್ನಲ್ ಪ್ರೊಸೆಸ್‌ ಒಳಗೇ ಓಡಾಡುತ್ತದೆ ಅಂದರೆ ಅಲೊಕೇಟ್ ಫಂಕ್ಷನ್ ನಡೆಯುತ್ತದೆ, ಆದರೆ ಮೇಲಿನ ತುದಿಯಿಂದ ಕೇಳಿ. ನೀವೇ ಲೈಬ್ರರಿ ಬರೆಯುವವರಾದರೆ ಎರಡೂ ಬೇಡ, ನಂಬರನ್ನು ಬಳಸುವವರಿಂದಲೇ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳಿ.