ಹೂವಿನ ಚೌಕದ ಹೊದಿಕೆಗೆ ಯಾವ ದಾರ: ಅಕ್ರಿಲಿಕ್ಕಾ, ಹತ್ತಿಯಾ, ಉಣ್ಣೆಯಾ?

ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ, ಹೂವಿನ ಗ್ರಾನಿ ಸ್ಕ್ವೇರ್ (ಒಂದಕ್ಕೊಂದು ಜೋಡಿಸುವ ಚಿಕ್ಕ ಚೌಕ) ಹೊದಿಕೆಗೆ ಯಾವ ದಾರ ತರಲಿ ಅಂತ ಕೇಳಿದ್ದೀರಿ. ಮೊದಲು ಲೆಕ್ಕ ನೋಡಿ. 4 ಅಡಿ ಅಗಲ, 5 ಅಡಿ ಉದ್ದ ಅಂದರೆ 6 ಇಂಚಿನ ಚೌಕ 80 ಬೇಕು. ದಾರ ಕಿಲೋ ಲೆಕ್ಕದಲ್ಲೇ ಹೋಗುತ್ತದೆ.

ಅಕ್ರಿಲಿಕ್ ಅಗ್ಗ, ಬಣ್ಣಗಳೂ ಜಾಸ್ತಿ. ಹೂವಿಗೆ ಮೂರ್ನಾಲ್ಕು ಬಣ್ಣ ಬೇಕಲ್ವಾ? ಅಪ್ಪಟ ಉಣ್ಣೆ ದುಬಾರಿ. ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್ಕೇ. ಅನುಮಾನ ಬಂದರೆ ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಹೂವಿನ ಅಂದ ಹತ್ತಿಯಲ್ಲೇ. ಒಂದೊಂದು ಹೆಣಿಗೆಯೂ ಎದ್ದು ಕಾಣುತ್ತದೆ, ಎಸಳು ಸೊರಗುವುದಿಲ್ಲ. ಆದರೆ ಆ ದಾರ ಎಳೆದರೆ ಹಿಗ್ಗಲ್ಲ, ಹತ್ತು ಚೌಕ ಮುಗಿಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಉಣ್ಣೆ ಹಿಗ್ಗುತ್ತದೆ. ಸಣ್ಣಪುಟ್ಟ ಅಳತೆ ತಪ್ಪಿದರೂ ಒದ್ದೆ ಮಾಡಿ, ಪಿನ್ ಚುಚ್ಚಿ ಒಣಗಿಸಿದರೆ ಚೌಕ ಸರಿಹೋಗುತ್ತದೆ.

ಒಗೆಯುವಾಗ ಅಕ್ರಿಲಿಕ್ ಸುಲಭ, ಇಸ್ತ್ರಿ ಮಾತ್ರ ತಾಗಿಸಬೇಡಿ. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಹತ್ತಿ ಮಳೆಗಾಲದಲ್ಲಿ ಬೇಗ ಒಣಗಲ್ಲ. ಬಣ್ಣವೂ ಬಿಡಬಹುದು: ನನ್ನ ಒಂದೇ ಒಂದು ಕೆಂಪು ಹೂವು ಸುತ್ತಲಿನ ಬಿಳಿಯನ್ನೆಲ್ಲ ಗುಲಾಬಿ ಮಾಡಿತ್ತು. ಮೊದಲೇ ಒಂದು ಚೌಕ ಒಗೆದು ನೋಡಬೇಕಿತ್ತು.

ಮೊದಲ ಹೊದಿಕೆ, ಮಕ್ಕಳಿರುವ ಮನೆ ಅಂದರೆ ಅಕ್ರಿಲಿಕ್ ತನ್ನಿ. ಮಂಗಳೂರಿನ ಸೆಕೆಗೆ, ಸೋಫಾ ಮೇಲೆ ಹಾಸುವುದಕ್ಕೆ ಹತ್ತಿ. ಮಡಿಕೇರಿಯ ಚಳಿಗೆ, ಕೈಯಲ್ಲೇ ಒಗೆಯುವ ತಾಳ್ಮೆ ಇದ್ದವರಿಗೆ ಉಣ್ಣೆ.